ಪೆಟ್ಟಿಗೆ ಮಾಸ್ತರರ ನೆರಳುಗೈ

"ಇದೂ ಬ್ಯಾಡ," ಎಂದು ಅಡಿವೆಯ್ಯ ಮಾಸ್ತರರು ಕುರ್ಚಿ ಬಿಟ್ಟು ಎದ್ದರು. ಎದ್ದವರು ಕುಂಟುತ್ತ ಕಿಟಕಿಯ ತನಕ ಹೋಗಿ, ಹೊರಗೇನೂ ನೋಡದೆ ತಿರುಗಿ ಬಂದು ಮತ್ತೆ ಕೂತರು. ಅವರು ಕೂತರೂ ಬೆರಳುಗಳು ಕೂರಲಿಲ್ಲ. ತೊಡೆಯ ಮೇಲೆ ಯಾವುದೋ ಹಾಡಿನ ಚೂರನ್ನು ಬಾರಿಸುತ್ತಲೇ ಇದ್ದವು.

ಕಂಪ್ಯೂಟರಿನ ಮುಂದಿದ್ದ ತಬಸ್ಸುಮ್ ಹಣೆ ಒತ್ತಿಕೊಂಡಳು. "ಮಾಸ್ತರ, ಇದರಾಗ ಏನ್ ತಪ್ಪೈತ್ರಿ? ನನಗಂತೂ ಛಲೋ ಕೇಳಸ್ತೈತಿ."

"ಛಲೋನ ಐತಿ. ಇಷ್ಟು ಛಲೋ ನಾ ಯಾವತ್ತೂ ಬಾರಿಸಿಲ್ಲ. ಅದಕ್ಕ ಬ್ಯಾಡ ಅನ್ನಾಕತ್ತೀನಿ."

ಹುಬ್ಬಳ್ಳಿಯ ಹಳೆಯದೊಂದು ಅರಳೆ ಮಿಲ್ಲಿನ ಮಹಡಿಯಲ್ಲಿ ತಬಸ್ಸುಮಳ ಸ್ಟುಡಿಯೋ ಇತ್ತು. ಮಿಲ್ಲು ಮುಚ್ಚಿ ಯಾವ ಕಾಲವಾಗಿತ್ತೋ, ಕಿಟಕಿಯ ಸಂದಿಗಳಲ್ಲಿ ಹತ್ತಿಯ ಎಳೆಗಳು ಇನ್ನೂ ಅಂಟಿಕೊಂಡಿದ್ದವು. ಅಲ್ಲಿಗೆ ಈಗ ವಾದ್ಯ ನುಡಿಸುವವರು ತಮ್ಮ ಕೈ ಒಪ್ಪಿಸಲು ಬರುತ್ತಿದ್ದರು.

ಒಪ್ಪಿಸುವುದು ಎಂದರೆ ನೆರಳುಗೈ ಮಾಡಿಸುವುದು. ನುಡಿಸುವವನ ಕೈಯ ರೀತಿಯನ್ನೆಲ್ಲ ಕಂಪ್ಯೂಟರಿಗೆ ಕಲಿಸಿಬಿಟ್ಟರೆ, ಆಮೇಲೆ ಆ ಕೈ ಅವನಿಲ್ಲದೆಯೇ ರಂಗದ ಮೇಲಿನ ನಟರ ದನಿ ಕೇಳುತ್ತ, ಅವರು ಎಳೆದರೆ ತಾನೂ ಎಳೆದು, ನಿಂತರೆ ತಾನೂ ನಿಂತು ಸಾಥ್ ಕೊಡುತ್ತಿತ್ತು. ಮೊದಮೊದಲು ನಾಟಕ ಕಂಪನಿಯವರು ನಕ್ಕರು. ಆಮೇಲೆ ಒಬ್ಬರು ತಂದರು, ಇನ್ನೊಬ್ಬರು ತಂದರು, ಕೊನೆಗೆ ರಂಗದ ಮುಂದಿನ ವಾದ್ಯದವರ ಜಾಗ ಖಾಲಿಯಾಗಿ ಅಲ್ಲಿಯೂ ಎರಡು ಸಾಲು ಕುರ್ಚಿ ಬಿದ್ದವು. ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತಿದ್ದ ಕಂಪನಿಯ ತಬಲಾ ರಾಜೇಸಾಬ ಎಲ್ಲರಿಗಿಂತ ಮುಂಚೆ ಕೈ ಒಪ್ಪಿಸಿ ಊರಿಗೆ ಹೋಗಿ ಕೋಳಿ ಸಾಕಿಕೊಂಡ. ಒಮ್ಮೆ ಬಾಗಲಕೋಟೆಯಲ್ಲಿ ಯಾವುದೋ ಬೇರೆ ಕಂಪನಿಯ ನಾಟಕಕ್ಕೆ ಹೋಗಿ ಕೂತಿದ್ದಾಗ ತನ್ನದೇ ತಬಲಾ ಕೇಳಿಸಿತಂತೆ. "ಏನ್ ಬಾರಿಸಿದ್ನಪಾ ಮಗ!" ಎಂದು ತಾನೇ ಎದ್ದು ಚಪ್ಪಾಳೆ ತಟ್ಟಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಮಾಸ್ತರರ ಸೊಂಟದ ಕೀಲು ಸವೆದಿತ್ತು. ಕಾಲ್ಪೆಟ್ಟಿಗೆಯ ತಿದಿ ತುಳಿಯುವುದನ್ನು ನಿಲ್ಲಿಸದಿದ್ದರೆ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರರು ಹೇಳಿದ್ದರಿಂದ ಅವರೂ ಇಲ್ಲಿಗೆ ಬರಬೇಕಾಯಿತು. ಅವರ ಹಾರ್ಮೋನಿಯಂನ ಪ್ರತಿ ಕೀಲಿಯ ಕೆಳಗೂ ತಬಸ್ಸುಮ್ ತೆಳ್ಳನೆಯ ಸಂವೇದಕ ಅಂಟಿಸಿದ್ದಳು. ಅವು ಹಿಡಿಯುತ್ತಿದ್ದದ್ದು ಧ್ವನಿಯನ್ನಲ್ಲ, ಮಿಡಿಯನ್ನು. ಯಾವ ಕೀಲಿಯನ್ನು ಯಾವ ಕ್ಷಣಕ್ಕೆ ಒತ್ತಿದರು, ಎಷ್ಟು ಬಲ ಹಾಕಿದರು, ಯಾವಾಗ ಬಿಟ್ಟರು ಎಂಬ ವರದಿಯೇ ಮಿಡಿ. ಪರದೆಯ ಮೇಲೆ ಒಂದೊಂದು ಸ್ವರವೂ ಒಂದೊಂದು ಅಡ್ಡಗೆರೆಯಾಗಿ ಬೀಳುತ್ತಿತ್ತು. ಆ ಗೆರೆಗಳನ್ನು ಹಿಡಿದು, ತಿದ್ದಿ, ಕೈ ಮಾಡಿಕೊಡುವ ತಂತ್ರಾಂಶಗಳು ಮಾರುಕಟ್ಟೆಯಲ್ಲಿ ಹಲವಿದ್ದವು. ತಬಸ್ಸುಮಳ ಬಳಿ ಮೂರಿದ್ದವು. ಯಾವುದು ಬೇಕೋ ಆರಿಸಿಕೊಳ್ಳುವುದು ಕೈ ಒಪ್ಪಿಸುವವರಿಗೆ ಬಿಟ್ಟದ್ದು.

ಬೇರೆಯವರು ಒಂದು ಮಧ್ಯಾಹ್ನದಲ್ಲಿ ಆರಿಸಿಕೊಂಡು ಹೋಗುತ್ತಿದ್ದರು. ಮಾಸ್ತರರು ವಾರಗಟ್ಟಲೆ ಅವಳ ಪ್ರಾಣ ತಿನ್ನುತ್ತಿದ್ದರು. ಏಕೆ ಎಂಬುದನ್ನು ಅವರು ಯಾರಿಗೂ ಹೇಳುವಂತಿರಲಿಲ್ಲ.

ಕಾರಣ ಅವರ ಹೆಂಡತಿ ನಿಂಬೆವ್ವ. ಹುಡುಗಿಯಾಗಿದ್ದಾಗಿನಿಂದ ಬಣ್ಣ ಹಚ್ಚಿದವಳು, ಕಂಪನಿಯ ದೊಡ್ಡ ಹೆಸರು. ‘ಸುಂಕದ ತಾಯಿ’ ನಾಟಕದಲ್ಲಿ ಸುಂಕದಕಟ್ಟೆ ಕಾಯುವ ಮುದುಕಿಯಾಗಿ ಅವಳು ಹಾಡುವ ಹಾಡಿಗೆಂದೇ ಜನ ಟಿಕೇಟು ತೆಗೆಯುತ್ತಿದ್ದರು. ಅಂಥವಳು ಈಚೆಗೆ ಆ ಹಾಡಿನ ನಡುವೆ ನಿಂತುಬಿಡುತ್ತಿದ್ದಳು. ಎರಡನೆಯ ನುಡಿ ಮುಗಿಯುತ್ತಿದ್ದಂತೆ ಬಾಯಿ ಕಟ್ಟಿದಂತಾಗಿ ಸುಮ್ಮನೆ ಪೆಟ್ಟಿಗೆಯ ಕಡೆ ನೋಡುತ್ತಿದ್ದಳು. ಆಗ ಮಾಸ್ತರರು ಯಾರಿಗೂ ತಿಳಿಯದಂತೆ ಕೆಳಗಿನ ಸಪ್ತಕದಲ್ಲಿ, ಬೆರಳು ತಾಕಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಮುಂದಿನ ಸಾಲಿನ ಎತ್ತುಗಡೆಯ ಸ್ವರ ಕೊಡುತ್ತಿದ್ದರು. ಅದನ್ನು ಹಿಡಿದು ಅವಳು ಮುಂದುವರಿಯುತ್ತಿದ್ದಳು. ಜನ ಅದನ್ನು ಅಭಿನಯ ಎಂದುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದರು. ಕಂಪನಿಯ ಮಾಲೀಕ ಬಸಲಿಂಗಪ್ಪ ಮಾತ್ರ ಹಾಗೆ ಅಂದುಕೊಂಡಿರಲಿಲ್ಲ. "ಮುಂದಿನ ಊರಿನ ಕ್ಯಾಂಪಿನ್ಯಾಗ ಅಕ್ಕಾರು ಹಿಂಗ ನಿಂತ್ರ, ಆ ಪಾರ್ಟು ಬ್ಯಾರೆಯವ್ರಿಗೆ ಕೊಡಬೇಕಾಗ್ತೈತಿ," ಎಂದು ಮಾಸ್ತರರನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟಿದ್ದ.

ರಂಗ ಬಿಟ್ಟರೆ ಅವಳು ಉಳಿಯುವುದಿಲ್ಲ ಎಂದು ಮಾಸ್ತರರಿಗೆ ಗೊತ್ತಿತ್ತು. ಹೀಗಾಗಿ ತಾವು ಅಲ್ಲಿ ಇಲ್ಲದಾಗಲೂ ಅವಳು ಮರೆತಲ್ಲೆಲ್ಲ ಕೈಹಿಡಿಯುವ ಒಂದು ಕೈ ಅವರಿಗೆ ಬೇಕಾಗಿತ್ತು. ಅವಳ ಮರೆವಿನ ಸುದ್ದಿ ಎತ್ತದೆ ಅದನ್ನು ಕೇಳುವುದು ಹೇಗೆ ಎಂದೇ ತಿಳಿಯುತ್ತಿರಲಿಲ್ಲ.

ಮೊದಲನೆಯ ತಂತ್ರಾಂಶದ ಹೆಸರು ಲಯರೇಖ. ಅದು ಪ್ರತಿ ಸ್ವರವನ್ನೂ ತಾಳದ ಚೌಕಕ್ಕೆ ಎಳೆದು ಕೂರಿಸುತ್ತಿತ್ತು. ಹಿಂದೆ ಬಿದ್ದದ್ದು ಮುಂದೆ, ಮುಂದೋಡಿದ್ದು ಹಿಂದೆ. ಮೆಲ್ಲಗೆ ಒತ್ತಿದ ಸ್ವರಗಳನ್ನು ‘ಕೈತಪ್ಪು’ ಎಂದು ಗುಡಿಸಿ ಹಾಕುತ್ತಿತ್ತು. ಮಾಸ್ತರರ ಪ್ರಾಣವಿದ್ದದ್ದೇ ಆ ಕೈತಪ್ಪುಗಳಲ್ಲಿ. ಹೀಗಾಗಿ ಲಯರೇಖ ಬೇಡವಾಯಿತು.

ಎರಡನೆಯದು ಅಚ್ಚು. ಅದು ಒಂದೇ ಹಾಡನ್ನು ಹತ್ತಾರು ಸಲ ನುಡಿಸಿಕೊಂಡು, ಎಲ್ಲದರಿಂದ ಒಂದು ಸರಾಸರಿ ಕೈ ಎರಕ ಹೊಯ್ಯುತ್ತಿತ್ತು. ಮೆಲುಸ್ವರಗಳೂ ಉಳಿಯುತ್ತಿದ್ದವು. ಮಾಸ್ತರರಿಗೆ ಆಸೆ ಚಿಗುರಿತ್ತು. ಆದರೆ ಅಚ್ಚಿನ ಕೈ ಹಾಡನ್ನೇ ತಪ್ಪು ನುಡಿಸಿತು. ಎರಡನೆಯ ನುಡಿ ಮುಗಿಸಿ ಮೂರನೆಯದಕ್ಕೆ ಹೋಗುವ ಬದಲು ಮೊದಲನೆಯದಕ್ಕೇ ವಾಪಸು ಬಂತು.

"ಇದಕ್ಕ ಹಾಡೇ ನೆನಪಿಲ್ಲಲ್ಲೋ! ಹಾಡು ಬರಲಾರದ ಪೆಟ್ಟಿಗೀನ ಕಟಗೊಂಡು ಏನ್ ಮಾಡ್ಲಿ?" ಎಂದು ಮಾಸ್ತರರು ಪರದೆಗೇ ಬೈದಿದ್ದರು. ತಬಸ್ಸುಮ್ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗಿದ್ದಳು. ಆಮೇಲೆ ಲಯರೇಖದಲ್ಲೇ ಮೊದಲೆರಡು ನುಡಿಗಳನ್ನಷ್ಟೇ ಬೇರೆ ಬೇರೆ ಥರ ತಿರುಚಿ ಕೇಳಿಸಿದಳು. ಈ ದಿನ ಬೇಡವೆಂದು ಎದ್ದದ್ದು ಅದನ್ನು ಕೇಳಿಯೇ.

"ಇನ್ನೊಂದೈತಿ," ಎಂದಳು ಈಗ. "ಪದರ ಅಂತ. ಹಳೇದು, ಯಾವುದೋ ಕಾಲೇಜಿನ ಹುಡುಗ್ರು ಮಾಡಿದ್ದು. ಅದು ಏನೂ ತಿದ್ದೂದಿಲ್ಲ, ಏನೂ ಅಳಸೂದಿಲ್ಲ. ನೀವು ಬಾರಿಸಿದ್ದೆಲ್ಲಾ ಒಂದರ ಕೆಳಗ ಒಂದು ಇಟ್ಟು ತೋರಸ್ತೈತಿ. ಅಕ್ಕಾರ ದನೀನೂ ಜೋಡಿ ಹಾಕಬಹುದು. ಭಾಳ ತ್ರಾಸಿನ ಕೆಲಸ ಐತ್ರಿ."

"ಅದನ್ನ ಹಚ್ಚು. ನಾಳೆ ಅಕಿನ್ನೂ ಕರಕೊಂಡ ಬರ್ತೀನಿ," ಎಂದು ಮಾಸ್ತರರು ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಮನೆಯಲ್ಲೂ ಅವರು ಕೂತಲ್ಲಿ ಕೂರುತ್ತಿರಲಿಲ್ಲ. ಹೆಂಡತಿಯ ಮರೆವು ಎಲ್ಲಿಯ ತನಕ ಬಂದಿದೆ ಎಂದು ಕಳ್ಳನ ಹಾಗೆ ಪರೀಕ್ಷಿಸುವುದೇ ಒಂದು ಕೆಲಸವಾಗಿತ್ತು. ಆ ಸಂಜೆ ನಿಂಬೆವ್ವ ಕೊತ್ತಂಬರಿ ತನ್ನಿ ಎಂದಳೋ ಮೆಂತ್ಯ ತನ್ನಿ ಎಂದಳೋ, ಅವರು ಮೆಂತ್ಯ ತಂದರು. ಬಂದು ನೋಡಿದರೆ ಬದನೆಕಾಯಿ ಎಣಗಾಯಿ ಕುದಿಯುತ್ತಿದೆ, ಮೇಲೆ ಉದುರಿಸಲು ಬೇಕಾದದ್ದು ಕೊತ್ತಂಬರಿ.

"ನೀ ಮೆಂತ್ಯೆ ಅಲ್ಲೇನು ಹೇಳಿದ್ದು?" ಎಂದರು.

ನಿಂಬೆವ್ವ ಒಂದು ಗಳಿಗೆ ಅವರ ಮುಖ ನೋಡಿ, "ಹೂಂ, ಮೆಂತ್ಯೇನ ಹೇಳಿದ್ದೆ. ಆಗ್ತೈತಿ ತರ್ರಿ," ಎಂದು ಸೊಪ್ಪು ಇಸಿದುಕೊಂಡಳು.

ಪಾಪ, ತಾನು ಹೇಳಿದ್ದು ಅವಳಿಗೇ ನೆನಪಿಲ್ಲ ಎಂದುಕೊಂಡರು ಮಾಸ್ತರರು. "ನಿಮ್ಮ ಅಣ್ಣನ ಸಣ್ಣ ಮಗಳ ಹೆಸರೇನು?" ಎಂದು ಸುಮ್ಮನೆ ಕೇಳಿದಂತೆ ಕೇಳಿದರು.

"ಭಾಗ್ಯಶ್ರೀ. ದೊಡ್ಡಾಕಿ ವಿಜಯಲಕ್ಷ್ಮಿ. ನನ್ನ ಪರೀಕ್ಷಾ ತಗೊಳ್ಳಾಕತ್ತೀರೇನು?" ಎಂದು ನಕ್ಕು ರೊಟ್ಟಿ ಬಡಿಯತೊಡಗಿದಳು. ಇವತ್ತು ನೆನಪಿದೆ, ನಾಳೆ ಹೇಗೋ ಎಂದುಕೊಂಡು ಮಾಸ್ತರರು ಎದ್ದು ಪಡಸಾಲೆಯಲ್ಲಿ ಅಡ್ಡಾಡಿದರು.

ಮರುದಿನ ಇಬ್ಬರೂ ಮಿಲ್ಲಿನ ಮೆಟ್ಟಿಲು ಹತ್ತಿದರು. ನಿಂಬೆವ್ವ ಹಾಡಿದಳು, ಮಾಸ್ತರರು ನುಡಿಸಿದರು. ಎರಡನೆಯ ನುಡಿ ಮುಗಿಯಿತು. ಅವಳು ನಿಂತಳು. ಮಾಸ್ತರರು ಮೆಲ್ಲಗೆ ಎತ್ತುಗಡೆ ಕೊಟ್ಟರು, ಅವಳು ಹಿಡಿದಳು. ತಬಸ್ಸುಮ್ ಮತ್ತೆ ಹಾಡಿಸಿದಳು, ಮತ್ತೆ ಹಾಗೆಯೇ ಆಯಿತು. ಎಷ್ಟು ಸಲ ಹಾಡಿಸಿದರೂ ಅದೇ. ಊಟದ ಹೊತ್ತಿಗೆ ಸಾಕೆನಿಸಿ ನಿಂಬೆವ್ವ ಮನೆಗೆ ಹೋದಳು. ಮಾಸ್ತರರು ಉಳಿದುಕೊಂಡರು.

ಪದರದ ಪರದೆಯ ಮೇಲೆ ಎಲ್ಲ ಸಲದ ಗೆರೆಗಳೂ ಒಂದರ ಕೆಳಗೊಂದು ಹಾಸಿಕೊಂಡವು. ನೀಲಿ ಗೆರೆ ಮಾಸ್ತರರ ಕೈ, ಕೆಂಪು ಗೆರೆ ನಿಂಬೆವ್ವನ ದನಿ. ಮೆಲುಸ್ವರಗಳು ಒಂದೂ ಬಿಡದೆ ಅಲ್ಲಿದ್ದವು. ಅಷ್ಟು ದಿನದಲ್ಲಿ ಮೊದಲ ಸಲ ಮಾಸ್ತರರಿಗೆ ಎದೆ ಹಗುರಾಯಿತು.

"ಇದು ಬೇಕು ನೋಡು ನನಗ!" ಎಂದರು.

"ನಿಮ್ಮ ಈ ಮೆಲುಸ್ವರ ಯಾಕ ಅಂತ ಈಗ ತಿಳೀತ್ರಿ," ಎಂದಳು ತಬಸ್ಸುಮ್. ತಾನೊಂದು ಕಂಡುಹಿಡಿದೆ ಎಂಬ ಖುಷಿ ಅವಳಿಗೆ. "ಇಲ್ಲಿ ನೋಡ್ರಿ. ಅಕ್ಕಾರು ನಿಂತಾರಲ್ಲ, ಅದಕ್ಕಿಂತ ಮೊದಲ ನೀವು ಮೊದಲನೇ ನುಡಿಗೆ ಹೊಳ್ಳೀರಿ. ಅದಾದ ಮ್ಯಾಲೆ ಅವರು ನಿಂತಾರ. ಆಮ್ಯಾಲೆ ನಿಮ್ಮ ಮೆಲುಸ್ವರ ಬರ್ತೈತಿ, ಅದೂ ಮೊದಲನೇ ನುಡೀದು. ಅಕ್ಕಾರು ಅದನ್ನ ಹಿಡಕೊಂಡು ನಿಮ್ಮ ಜೋಡಿ ಬರ್ತಾರ. ಎಲ್ಲಾ ಕಡೆ ಹಿಂಗ ಐತಿ. ಅವರು ನಿಮಗ ಕಾಯ್ತಾರ್ರಿ, ನೀವು ಎಲ್ಲಿಗೆ ಹೊಂಟೀರಿ ಅಂತ."

ಮಾಸ್ತರರು ಪರದೆಯ ಹತ್ತಿರ ಮುಖ ಒಯ್ದರು. ನೀಲಿ ಗೆರೆ ಮೊದಲು ಹಾದಿ ಬಿಟ್ಟಿತ್ತು. ಕೆಂಪು ಗೆರೆ ಅದರ ನಂತರ ನಿಂತಿತ್ತು. ಕೆಳಗಿನ ಪದರದಲ್ಲಿ ಹಾಗೆಯೇ. ಅದರ ಕೆಳಗೂ ಹಾಗೆಯೇ.

"ಸುಳ್ಳು ಇದು," ಎಂದರು. "ಹುಡುಗ್ರು ಮಾಡಿದ್ದು ಅಂದೆಲ್ಲ, ಹಿಂದಮುಂದ ಮಾಡಿ ತೋರಸಾಕತ್ತೈತಿ. ಇದನ್ನ ಆ ಲಯರೇಖದಾಗ ಹಾಕು."

ತಬಸ್ಸುಮ್ ಹಾಕಿದಳು. ಲಯರೇಖ ಸ್ವರಗಳನ್ನು ಚೌಕಕ್ಕೆ ಎಳೆಯಿತು, ಮೆಲುಸ್ವರಗಳನ್ನು ಗುಡಿಸಿತು. ಆದರೂ ಕೈ ಮೊದಲು ತಿರುಗಿ, ದನಿ ಆಮೇಲೆ ನಿಂತಿತ್ತು.

"ಅಚ್ಚಿನ್ಯಾಗ ಹಾಕು."

"ಮಾಸ್ತರ, ಅಚ್ಚಿನ್ಯಾಗ ಮೊದಲ ನೋಡೀವಲ್ರಿ," ಎಂದಳು ಅವಳು. ಈಗ ಅವಳ ದನಿಯಲ್ಲಿ ಖುಷಿ ಇರಲಿಲ್ಲ. "ಅದು ಹಾಡು ತಪ್ಪು ಬಾರಿಸ್ತು ಅಂದ್ರಿ. ಅದಕ್ಕ ನಿಮ್ಮ ಕೈ ಬಿಟ್ರ ಬ್ಯಾರೆ ಯಾರೂ ಕಲಿಸಿದ್ದಿಲ್ಲ. ಆವತ್ತ ಹೇಳಾಕ ಬಂದಿದ್ದೆ, ಧೈರ್ಯ ಸಾಲಲಿಲ್ಲ."

ಬೇರೆ ಯಾವ ವಿಷಯದಲ್ಲೂ ಒಪ್ಪದ ಮೂರು ತಂತ್ರಾಂಶಗಳು ಈ ಒಂದು ವಿಷಯದಲ್ಲಿ ಒಪ್ಪಿದ್ದವು. ಮಾಸ್ತರರು ಎದ್ದು ಕಿಟಕಿಗೆ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಆ ಹಾಡನ್ನು ಅವರೇ ಕಟ್ಟಿದ್ದು. ಮೂರನೆಯ ನುಡಿಯ ರಾಗವನ್ನು ಮನಸ್ಸಿನಲ್ಲಿ ಎತ್ತಿಕೊಳ್ಳಲು ನೋಡಿದರು. ಎರಡನೆಯದು ಬಂತು, ಅದರ ಬೆನ್ನಿಗೆ ಮೊದಲನೆಯದು ತಾನಾಗಿ ಬಂದು ನಿಂತಿತು. ಅವರಿಗೆ ಭಯವಾಯಿತು. ಇಷ್ಟು ವರ್ಷ ರಂಗದ ಮುಂದೆ ಕೂತರೂ ಅಂಥ ಭಯ ಅವರು ಕಂಡಿರಲಿಲ್ಲ.

ಮನೆಗೆ ಬಂದಾಗ ನಿಂಬೆವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮಾಸ್ತರರು ಚಪ್ಪಲಿ ಕಳಚಲಿಲ್ಲ.

"ಯಾವಾಗಿಂದ ಗೊತ್ತು ನಿನಗ?"

"ಏನು?"

"ನಾ ಹಾದಿ ತಪ್ಪತೀನಿ ಅನ್ನೂದು."

ಮೊರ ನಿಂತಿತು. ಇಲ್ಲ ಎನ್ನುತ್ತಾಳೆ ಎಂದು ಅವರು ಕಾದರು. ಅವಳು ಹಾಗೆನ್ನಲಿಲ್ಲ.

"ಗಜೇಂದ್ರಗಡದ ಕ್ಯಾಂಪಿನ್ಯಾಗ ಮೊದಲ ಸಲ ಆತು," ಎಂದಳು. "ಮೂರನೇ ನುಡಿಗೆ ಬಾಯಿ ತಗದೆ, ನೀವು ಹೊಳ್ಳಿ ಮೊದಲನೇದಕ್ಕ ಹೋಗಿದ್ರಿ. ನಾ ಹಂಗ ಮುಂದ ಹಾಡಿದ್ರ ಮಾಸ್ತರ ತಪ್ಪಿದ ಅಂತ ಮಂದಿಗೆಲ್ಲಾ ತಿಳೀತಿತ್ತು. ನಿಂತ್ರ ಅಕಿ ಮರ್ತಳು ಅಂತಾರ. ಅನ್ಲಿ ಬಿಡು ಅಂತ ನಿಂತೆ. ಆಮ್ಯಾಲೆ ನೀವು ಹೋದಲ್ಲಿ ಬಂದೆ."

"ಬಸಲಿಂಗಪ್ಪ ನಿನ್ನ ಪಾರ್ಟು ಕಸಗೋತಾನಂತ. ಗೊತ್ತೈತೇನು?"

"ನನಗೂ ಹೇಳ್ಯಾನ."

"ಮತ್ತ ಸುಮ್ನಿದ್ದಿ? ನಾ ಇಲ್ಲಿ, ನಿನಗ ನಾ ನೆನಪು ಕೊಡಾಕತ್ತೀನಿ ಅಂತ..." ಮಾಸ್ತರರ ದನಿ ಏರಿತು. ಸಿಟ್ಟು ಯಾರ ಮೇಲೆ ಎಂದು ಅವರಿಗೇ ತಿಳಿಯಲಿಲ್ಲ. "ಒಂದ್ ಮಾತು ಹೇಳಬಾರದಿತ್ತೇನು ನನಗ?"

"ನೀವು ನನಗ ಹೇಳಿದ್ರೇನು? ನಿಂಬೆವ್ವಾ, ನೀ ಮರೀಯಾಕತ್ತಿ ಅಂತ ಒಂದ್ ದಿನ ಹೇಳಿದ್ರೇನು? ಪಾಪ, ಮುದುಕ್ಯಾದಳು ಅಂತ ನನ್ನ ಮುಖ ನೋಡ್ಕೋತ ಕುಂತ್ರಿ." ಅವಳು ನಗಲು ನೋಡಿದಳು, ಆಗಲಿಲ್ಲ. ಸೆರಗಿನಿಂದ ಕಣ್ಣೊತ್ತಿಕೊಂಡಳು.

ಮಾಸ್ತರರು ಚಪ್ಪಲಿ ಕಳಚಿ ಅವಳ ಪಕ್ಕದಲ್ಲಿ ಕೂತರು. ಸೊಂಟ ನೋಯಿತು, ಆದರೂ ಏಳಲಿಲ್ಲ.

ಅವಳೇ ಮಾತು ಮುಂದುವರಿಸಿದಳು. "ಈಗ ಆ ಕೈಗೆ ಏನ್ ಕಲಸಾಕತ್ತೀರಿ ಅಂತ ವಿಚಾರ ಮಾಡೀರೇನು? ನೀವು ತಪ್ಪಿದ್ದು, ನಾ ನಿಂತಿದ್ದು, ಎರಡೂ ಕೂಡಿಸಿ ಇದ ಹಾಡು ಅಂತ ತಿಳಕೊಂತೈತಿ. ನೀವು ಅಲ್ಲಿ ಇರೂದಿಲ್ಲ. ನಾ ಯಾರ ಸಲುವಾಗಿ ನಿಲ್ಲಬೇಕು?"

ಮರುದಿನ ಮಾಸ್ತರರು ಇದನ್ನೇ ತಬಸ್ಸುಮಳ ಮುಂದೆ ಇಟ್ಟರು. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಅವಳು ಪೆನ್ನಿನ ತುದಿ ಕಚ್ಚುತ್ತ ಕೇಳಿಸಿಕೊಂಡಳು.

"ತಪ್ಪಿದ್ದನ್ನ ಕತ್ತರಿಸಿ ಸರಿ ಸ್ವರ ಅಂಟಸೂದು ಸರಳ ಐತ್ರಿ," ಎಂದಳು. "ಆದ್ರ ನೆರಳುಗೈ ಕಲಿಯೂದು ಬರೇ ಸ್ವರ ಅಲ್ಲ. ದನಿ ಹಿಂಗಾದಾಗ ಕೈ ಹಂಗ ಹೋಗ್ತೈತಿ ಅನ್ನೂದನ್ನ ಕಲೀತೈತಿ. ಅಂಟಿಸಿದ್ರಾಗ ಅದು ಇರೂದಿಲ್ಲ. ಅಕ್ಕಾರು ಒಂದು ಉಸುರು ಹೆಚ್ಚಿಗಿ ತಗೊಂಡ್ರ ಸಾಕು, ದಿಕ್ಕು ತಪ್ಪಿ ಕುಂದರ್ತೈತಿ. ಮೊದಲಿಂದ ಕಡೀತನ ಇಬ್ಬರೂ ಕೂಡಿ ಒಂದ್ ಸಲ ಸರಿಯಾಗಿ ಮುಟ್ಟಿಸಿದ್ರ ಪದರ ಅದನ್ನ ಹಿಡೀತೈತಿ. ಒಂದ ಒಂದ್ ಸಲ."

ಕಂಪನಿ ಮುಂದಿನ ಊರಲ್ಲಿ ಡೇರೆ ಹಾಕುವ ಕ್ಯಾಂಪು ಹತ್ತಿರ ಬಂದಿತ್ತು. ಇಬ್ಬರೂ ದಿನಾಲೂ ಬಂದರು. ನಿಂಬೆವ್ವ ಈಗ ನಿಂತಾಗಲೆಲ್ಲ ಬಾಯಿಬಿಟ್ಟು "ತಪ್ಪಿದ್ರಿ" ಎನ್ನುತ್ತಿದ್ದಳು. ಸಂಸಾರದಲ್ಲಿ ಎಂದೂ ಆಡದ ಆ ಮಾತನ್ನು ಮೊದಲ ದಿನ ತಲೆ ತಗ್ಗಿಸಿ ಆಡಿದಳು. ಎರಡು ದಿನ ಕಳೆದ ಮೇಲೆ ಗದರಿಯೇ ಹೇಳತೊಡಗಿದಳು. ಮಾಸ್ತರರು ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದರು. ಎಷ್ಟು ಎಚ್ಚರದಿಂದ ಹೋದರೂ ಎರಡನೆಯ ನುಡಿಯ ಕೊನೆಗೆ ಬೆರಳು ತಮ್ಮ ಪಾಡಿಗೆ ಹಳೆಯ ದಾರಿ ಹಿಡಿಯುತ್ತಿದ್ದವು. ಇನ್ನೂ ವಿಚಿತ್ರವೆಂದರೆ, ಅವರು ಸರಿಯಾಗಿ ಹೋದ ಒಂದೆರಡು ಸಲ ನಿಂಬೆವ್ವ ಸುಮ್ಮಸುಮ್ಮನೆ ನಿಂತುಬಿಟ್ಟಳು. ಕಾದು ಕಾದು ಅವಳಿಗೂ ಚಟವಾಗಿತ್ತು.

"ಆಗೂದಿಲ್ಲ ಇದು," ಎಂದು ಮಾಸ್ತರರು ಒಂದು ದಿನ ಪೆಟ್ಟಿಗೆಯ ಮುಚ್ಚಳ ಎಳೆದರು. "ಬ್ಯಾರೆ ಯಾರದರೆ ಕೈ ತರ್ಲಿ ಬಸಲಿಂಗಪ್ಪ."

"ಬ್ಯಾರೆಯವರ ಕೈಗೆ ನಾ ಹಾಡೂದಿಲ್ಲ," ಎಂದಳು ನಿಂಬೆವ್ವ. "ತಗೀರಿ ಮುಚ್ಚಳ."

ತೆಗೆದರು. ಹಾಡು ಎದ್ದಿತು. ಮೊದಲನೆಯ ನುಡಿ, ಎರಡನೆಯ ನುಡಿ. ಕೊನೆಯ ಸಾಲು ಮುಗಿಯುವಾಗ ಮಾಸ್ತರರ ಬೆರಳು ಮತ್ತೆ ಹೊರಳಿತು. ಹೊರಳಿದ್ದು ಅವರಿಗೂ ತಿಳಿಯಲಿಲ್ಲ. ನಿಂಬೆವ್ವನಿಗೆ ತಿಳಿಯಿತು. ಅಭ್ಯಾಸಬಲದಿಂದ ಅವಳು ನಿಲ್ಲಲು ಹೋದಳು. ಆದರೆ ನಿಲ್ಲಲಿಲ್ಲ. ಎದೆ ತುಂಬ ಉಸಿರೆಳೆದು ಮೂರನೆಯ ನುಡಿಯನ್ನೇ ಎತ್ತಿದಳು.

"ಸುಂಕ ಕೊಟ್ಟು ದಾಟೋ ಮಗನೆ, ತಾಯಿಗೂ ಸುಂಕವಿದೆ..."

ಕೈ ಒಂದು ಕಡೆ, ದನಿ ಒಂದು ಕಡೆ. ಕೇಳಲಾರದಷ್ಟು ಕೆಟ್ಟದಾಗಿತ್ತು. ತಬಸ್ಸುಮ್ ನಿಲ್ಲಿಸಲೆಂದು ಕೈ ಚಾಚಿ ಹಿಂದೆಗೆದುಕೊಂಡಳು. ನಿಂಬೆವ್ವ ಗಂಡನ ಕಡೆ ನೋಡಲಿಲ್ಲ, ಮೆಲ್ಲಗೂ ಮಾಡಲಿಲ್ಲ. ಡೇರೆಯ ಕಟ್ಟಕಡೆಯ ಸಾಲಿಗೆ ಕೇಳಿಸುವ ಹಾಗೆ ಹಾಡುತ್ತಲೇ ಹೋದಳು. ಮಾಸ್ತರರ ಬೆರಳು ತಡಬಡಿಸಿತು, ಒಂದು ಕೀಲಿಯ ಮೇಲೆ ನಿಂತಿತು. ಆಮೇಲೆ ಒಂದು ಸ್ವರ ಅವಳ ಜೊತೆ ಬಂತು. ಇನ್ನೊಂದು ಬಂತು. ಸಾಲು ಮುಗಿಯುವ ಹೊತ್ತಿಗೆ ಅವರು ಅವಳ ಬೆನ್ನಿಗಿದ್ದರು, ಮತ್ತೆ ಕೊನೆಯ ತನಕ ಬಿಡಲಿಲ್ಲ.

ಪರದೆಯ ಮೇಲೆ ಕೆಂಪು ಗೆರೆ ಎಲ್ಲೂ ಕಡಿಯದೆ ನೇರ ಹೋಗಿತ್ತು. ನೀಲಿ ಗೆರೆ ಹಾದಿ ಬಿಟ್ಟು, ಹೊರಳಿ ಬಂದು ಅದನ್ನು ಕೂಡಿಕೊಂಡಿತ್ತು.

"ಈ ನಡುವಿಂದು ಭಾಳ ಗದ್ದಲ ಐತ್ರಿ," ಎಂದಳು ತಬಸ್ಸುಮ್ ಹಿಂಜರಿಯುತ್ತ. "ಇನ್ನೊಂದ್ ಸಲ ತಗೊಳ್ಳೋಣೇನು?"

"ಬ್ಯಾಡ. ಇದನ್ನ ಕಲಸು," ಎಂದರು ಮಾಸ್ತರರು. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಒಂದ್ ಸ್ವರಾನೂ ತಗೀಬ್ಯಾಡ. ತಪ್ಪಿದ್ರ ಅಕಿ ಎಲ್ಲಿ ಅದಾಳೋ ಅಲ್ಲಿಗೆ ಬರಬೇಕು ಅನ್ನೂದು ಆ ಕೈಗೆ ಗೊತ್ತಾಗಬೇಕು."

ತಬಸ್ಸುಮ್ ಕೀಲಿಮಣೆಯ ಕಡೆ ತಿರುಗಿದಳು. ಮಾಸ್ತರರು ಪೆಟ್ಟಿಗೆಯ ಮೇಲಿಂದ ಕೈ ತೆಗೆಯದೆ ಹೆಂಡತಿಯ ಕಡೆ ನೋಡಿದರು.

"ಆ ಕೈ ಏನೋ ಕಲೀತೈತಿ," ಎಂದರು. "ಇವತ್ತಿಂದು ನಾ ಮರೀತೀನೇನು, ನಿಂಬೆವ್ವಾ?"

"ಮರೀತೀರಿ," ಎಂದಳು ಅವಳು. "ಆವಾಗ ನಾ ಇನ್ನೂ ಜೋರಾಗಿ ಹಾಡ್ತೀನಿ."